ನಾಲ್ಕಡಿ ಗಾರೆ

ನಮ್ಮಪ್ಪ ಗಾರೆ ಕೆಲಸದವನು. ಓದಿದ್ದು ಐದನೇ ಕ್ಲಾಸು. ಹಾಗಿದ್ದೂ ಎಪ್ಪತ್ತನೆಯ ವಯಸ್ಸಿನಲ್ಲಿ ಅವನ ಹೆಸರು ತಜ್ಞರ ಸಲಹಾ ಸಮಿತಿಯ ಆದೇಶದಲ್ಲಿ, ಒಬ್ಬ ಪ್ರೊಫೆಸರಮ್ಮ ಮತ್ತು ಒಬ್ಬ ನಿವೃತ್ತ ಇಂಜಿನಿಯರರ ಹೆಸರಿನ ಕೆಳಗೆ ಅಚ್ಚಾಯಿತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೂ ಸಮಿತಿಯ ಅಭಿಪ್ರಾಯ ಕೇಳಬೇಕೇನೋ ಎಂದು ನಾನು ರೇಗಿಸುತ್ತಿದ್ದೆ.

ವಿಷಯ ಇಷ್ಟೆ. ಹಳೇ ಪೇಟೆಯ ಮುಖ್ಯ ಬೀದಿಯಲ್ಲಿ ಮೂವತ್ತೊಂದು ಕಟ್ಟಡಗಳ ಮುಂಭಾಗ ಸರಿಪಡಿಸಲು ಸರ್ಕಾರ ಅನುದಾನ ಕೊಟ್ಟಿತ್ತು. ಕೆಲಸ ಹೇಗೆ ನಡೆಯಬೇಕೆಂದು ಹೇಳುವುದು, ಮುಗಿದ ಮೇಲೆ ನೋಡಿ ಒಪ್ಪುವುದು ಸಮಿತಿಯ ಹೊಣೆ. ಮೂವರೂ ಸಹಿ ಹಾಕದೆ ಕೆಲಸ ಮುಗಿದಂತಲ್ಲ. ಅಪ್ಪನಿಗೆ ಆ ಕುರ್ಚಿ ಸಿಕ್ಕಿದ್ದು ಬೀದಿಯ ಮೂಲೆಯಲ್ಲಿದ್ದ ಗಡಿಯಾರ ರಿಪೇರಿ ಅಂಗಡಿಯ ಕಟ್ಟಡದಿಂದ. ಅದರ ಸೂರಿನ ಕೆಳಗೆ ಮುಂದಕ್ಕೆ ಚಾಚಿಕೊಂಡ ಗಾರೆಯ ಅಂಚನ್ನು ಅವನು ಇಪ್ಪತ್ತಾರನೆಯ ವಯಸ್ಸಿನಲ್ಲಿ ಕಟ್ಟಿದ್ದ. ಪ್ರೊಫೆಸರಮ್ಮ ಅದನ್ನು ಕತ್ತೆತ್ತಿ ನೋಡಿ, ಇದನ್ನು ಮಾಡಿದವರು ಇನ್ನೂ ಇದ್ದಾರೆಯೇ ಎಂದು ಕೇಳಿದ್ದರಂತೆ.

ಗುತ್ತಿಗೆ ಹಿಡಿದದ್ದು ನಮ್ಮವರು, ಅಂದರೆ ನನ್ನ ಗಂಡ. ಮಾವನ ತಪಾಸಣೆ, ಅಳಿಯನ ಗುತ್ತಿಗೆ, ಇದೆಂಥ ನ್ಯಾಯ ಎಂದು ಯಾರೋ ತಕರಾರು ತೆಗೆದರು. ಚಿಕ್ಕ ಊರು, ಇಲ್ಲಿ ಯಾರು ಯಾರಿಗೆ ನೆಂಟರಲ್ಲ ಎಂದು ಕಚೇರಿಯವರು ನಕ್ಕು ಬಿಟ್ಟರು. ಅಪ್ಪ ಮಾತ್ರ ನಗಲಿಲ್ಲ. ಅಂದಿನಿಂದ ಅಳಿಯನ ಕೆಲಸವನ್ನು ಬೇಕೆಂದೇ ಎರಡು ಪಟ್ಟು ಬಿಗಿಯಾಗಿ ನೋಡತೊಡಗಿದ. ನಾವೆಲ್ಲ ಇದ್ದದ್ದು ಒಂದೇ ಮನೆಯಲ್ಲಿ. ಬೆಳಿಗ್ಗೆ ಕಾಫಿ ಕುಡಿಯುವಾಗ ಮಾವ ಅಳಿಯ, ಒಂಬತ್ತಕ್ಕೆ ಬೀದಿಗಿಳಿದರೆ ಪೊಲೀಸು ಕಳ್ಳ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವಳು ನಾನು. ಗುತ್ತಿಗೆಯ ಅಳತೆ ಪುಸ್ತಕ ಬರೆಯುವವಳೂ ನಾನೇ, ಕಡತಕ್ಕೆ ಬೇಕಾದ ಫೋಟೋ ತೆಗೆಯುವವಳೂ ನಾನೇ.

ಕೊನೆಯ ತಪಾಸಣೆ ಒಂದು ಸೋಮವಾರ ಬೆಳಿಗ್ಗೆ ಇತ್ತು. ಮೂಲೆ ಕಟ್ಟಡಕ್ಕೆ ಬಿದಿರು, ಹಲಗೆಗಳಿಂದ ಕಟ್ಟಿದ್ದ ಸಾರುವೆಯನ್ನು ಅಪ್ಪ ಯಾರ ಕೈಯನ್ನೂ ಹಿಡಿಯದೆ ಹತ್ತಿದ. ಕರಣೆಯ ಮರದ ಹಿಡಿಯಿಂದ ಅಂಚನ್ನು ತಟ್ಟುತ್ತ ಬಲದಿಂದ ಎಡಕ್ಕೆ ಸರಿದ. ಗೋಡೆಗೆ ಕೂತ ಗಾರೆ ಕಲ್ಲಿನಂತೆ ಸದ್ದು ಮಾಡುತ್ತದೆ, ಗೋಡೆ ಬಿಟ್ಟದ್ದು ಖಾಲಿ ಡಬ್ಬದಂತೆ. ಎಡತುದಿಯಲ್ಲಿ ಸದ್ದು ಬದಲಾದದ್ದು ಕೆಳಗೆ ನಿಂತಿದ್ದ ನನಗೂ ಕೇಳಿಸಿತು. ಅದರ ನೇರ ಕೆಳಗೆ ಬಸ್ಸಿಗೆ ಕಾಯುವವರ ಬೆಂಚು, ಬೆಂಚಿನ ತುಂಬ ಜನ.

"ನಾಲ್ಕಡಿ ಪೊಳ್ಳು," ಎಂದು ಅಪ್ಪ ಮೇಲಿನಿಂದಲೇ ಇಡೀ ಬೀದಿಗೆ ಕೇಳುವಂತೆ ಹೇಳಿದ. "ಮೊಳೆ ಹೊಡೀದೆ ಸುಮ್ನೆ ಮೆತ್ತಿದಾರೆ. ನಾನು ಸಹಿ ಹಾಕಲ್ಲ."

ಮುಂದೆ ಚಾಚಿದ ಗಾರೆಗೆ ಮೊದಲು ಗೋಡೆಗೆ ಉದ್ದನೆಯ ಮೊಳೆ ಹೊಡೆದು, ಮೊಳೆಗೆ ನಾರು ಸುತ್ತಿ, ಆಮೇಲೆ ಪದರ ಪದರವಾಗಿ ಗಾರೆ ಕೊಡಬೇಕು. ತನ್ನ ಕೈಕೆಳಗೆ ಬಂದವರಿಗೆಲ್ಲ ಅಪ್ಪ ಕಲಿಸಿದ ಮೊದಲ ಪಾಠ ಅದು. ನಮ್ಮವರೂ ಅವನ ಹತ್ತಿರವೇ ಕಲಿತವರು. ಒಡೆದ ಕಡೆಯೆಲ್ಲ ಮೊಳೆ ಹೊಡೆದಿದ್ದೇನೆ, ಎಡತುದಿ ಒಡೆದಿರಲೇ ಇಲ್ಲ, ಹಳೆಯದರ ಮೇಲೆ ತೆಳುವಾಗಿ ಒಂದು ಪದರ ಕೊಟ್ಟೆ ಅಷ್ಟೆ ಎಂದು ಅವರು ಮೆಲ್ಲಗೆ ಹೇಳಿದರು. ಅಪ್ಪ ಕಡ್ಡಿ ಮುರಿದಂತೆ ಉತ್ತರ ಕೊಟ್ಟ. "ಹಳೇದು ನಂದು. ಅದು ಬಿಟ್ಟುಕೊಳ್ಳೋ ಗಾರೆ ಅಲ್ಲ."

ಇಂಜಿನಿಯರು ಬೆಂಚನ್ನು ಆಚೆ ಸರಿಸಿ ಹಗ್ಗ ಕಟ್ಟಿಸಿದರು. ಪುಸ್ತಕ ತೆರೆದು 'ಗುತ್ತಿಗೆದಾರರ ಲೋಪ' ಎಂದು ಬರೆದುಕೊಂಡರು. ಶುಕ್ರವಾರದ ಸಭೆಯಲ್ಲಿ ಆ ಸಾಲಿನ ಕೆಳಗೆ ಮೂರು ಸಹಿ ಬಿದ್ದರೆ ನಮ್ಮವರಿಗೆ ಇನ್ನು ಸರ್ಕಾರಿ ಕೆಲಸ ಸಿಗುವುದಿಲ್ಲ. ಹದಿನೇಳು ವರ್ಷ ಬೆವರು ಸುರಿಸಿ ಗಳಿಸಿದ ಹೆಸರು ಅಲ್ಲಿಗೆ ಮಣ್ಣುಪಾಲು. ಬೀದಿಯವರು ಆಗಲೇ ನಮ್ಮವರ ಮುಖ ನೋಡದೆ ಪಕ್ಕಕ್ಕೆ ಸರಿಯತೊಡಗಿದ್ದರು.

ಆ ಎರಡು ದಿನ ಮನೆಯಲ್ಲಿ ಉಸಿರು ಬಿಡುವುದಕ್ಕೂ ಭಯ. ತಟ್ಟೆಯ ಮುಂದೆ ಕೂತರೆ ಶಾಲೆಗೆ ಹೋಗುವ ನಮ್ಮ ಮಗಳೊಬ್ಬಳೇ ಏನೋ ವಟಗುಟ್ಟುವಳು. ನಮ್ಮವರು ಅರ್ಧ ಊಟಕ್ಕೇ ಕೈ ತೊಳೆಯುವರು. ಅಪ್ಪ ಮಾತ್ರ ಏನೂ ಆಗಿಲ್ಲವೆಂಬಂತೆ ಇನ್ನೊಂದು ಸಲ ಅನ್ನ ಬಡಿಸಿಕೊಳ್ಳುತ್ತಿದ್ದ. ಆ ತಟ್ಟೆಯನ್ನು ಕಿತ್ತುಕೊಳ್ಳಬೇಕು ಅನ್ನಿಸಿತ್ತು ನನಗೆ. ಸುಳ್ಳೇಕೆ ಹೇಳಲಿ.

ಬುಧವಾರ ಆ ನಾಲ್ಕಡಿಯನ್ನು ಬಿಚ್ಚಿದೆವು. ಸಾರುವೆಯ ಮೇಲೆ ನಾವು ಮೂವರೇ. ಅಪ್ಪ ಉಳಿಯಿಟ್ಟು ನಾಲ್ಕು ಏಟು ಹಾಕಿದ್ದೇ ತಡ, ಮೊಳದುದ್ದದ ಹೆಂಟೆ ಕಳಚಿ ಹಲಗೆಯ ಮೇಲೆ ಬಿತ್ತು. ನಮ್ಮವರು ಕೊಟ್ಟ ಹೊಸ ಪದರ ಹಳೆಯದಕ್ಕೆ ಅಂಟಿಕೊಂಡೇ ಬಂದಿತ್ತು, ಉಗುರಿನಿಂದಲೂ ಬಿಡಿಸಲಾಗದಷ್ಟು ಗಟ್ಟಿಯಾಗಿ. ಗೋಡೆಯನ್ನು ಬಿಟ್ಟದ್ದು ಹಳೆಯ ಗಾರೆ. ಅದರ ಹಿಂದಿನ ಇಟ್ಟಿಗೆ ನುಣ್ಣಗಿತ್ತು. ಒಂದು ಮೊಳೆ ಇಲ್ಲ, ಮೊಳೆ ಹೊಡೆದು ಕಿತ್ತ ತೂತೂ ಇಲ್ಲ. ಅಪ್ಪ ಆ ಇಟ್ಟಿಗೆಗಳ ಮೇಲೆ ಅಂಗೈ ಆಡಿಸಿದ. ಮತ್ತೊಮ್ಮೆ ಆಡಿಸಿದ.

ನಮ್ಮವರು ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದರು. ಆಮೇಲೆ ಹತ್ತಿರ ಬಂದು ಹೇಳಿದರು: "ಮಾವ, ಇದನ್ನ ಈಗಲೇ ಮುಚ್ಚಿಬಿಡೋಣ. ಲೋಪ ನಂದು ಅಂತ ಹೇಗೂ ಬರ್ದಾಗಿದೆ. ಹಾಗೇ ಇರ್ಲಿ ಬಿಡಿ."

ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ಗಂಡನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಹೆಂಡತಿ ಮಗಳನ್ನು ಒಂದು ಮಾತು ಕೇಳದೆ ತನ್ನ ಕುತ್ತಿಗೆಯನ್ನು ಹೀಗೆ ಒಡ್ಡುವ ದೊಡ್ಡತನ ಯಾರಿಗೆ ಬೇಕಾಗಿತ್ತು? ಅಪ್ಪ ಬೇಡ ಅನ್ನುತ್ತಾನೆಂದು ಕಾದೆ. ಅವನು ಇಳಿಯಲು ತಿರುಗಿದ. ಅವನ ಬೆನ್ನು ನಮ್ಮ ಕಡೆ ಇದ್ದಾಗ ನಾನು ಅಳತೆಪಟ್ಟಿಯನ್ನು ಬರಿಗೋಡೆಗೆ ಹಿಡಿದು ಫೋಟೋ ತೆಗೆದೆ. ಯಾತಕ್ಕೆ ಬಳಸುತ್ತೇನೆಂದು ಆಗ ನನಗೇ ಗೊತ್ತಿರಲಿಲ್ಲ.

ಶುಕ್ರವಾರದ ಸಭೆ ಕಚೇರಿಯ ಮೇಲ್ಮಹಡಿಯಲ್ಲಿ. ಮೇಜಿನ ಆ ಕಡೆ ಸಮಿತಿಯ ಮೂವರು, ಈ ಕಡೆ ನಾವಿಬ್ಬರು. ಫೋಟೋ ನನ್ನ ಚೀಲದಲ್ಲಿತ್ತು. ಅಪ್ಪ ಸಹಿ ಹಾಕಿದರೆ ಅದನ್ನು ತೆಗೆದು ಮೇಜಿನ ಮೇಲಿಡಬೇಕು, ಹೆತ್ತವನನ್ನು ನಾಲ್ಕು ಜನರೆದುರು ಸುಳ್ಳುಗಾರ ಅನ್ನಿಸಬೇಕು. ಇಡದಿದ್ದರೆ ಗಂಡನ ಬದುಕು ಹೋಗುತ್ತದೆ. ಇಡುತ್ತಿದ್ದೆನೋ ಇಲ್ಲವೋ ಇವತ್ತಿಗೂ ಹೇಳಲಾರೆ.

ಇಂಜಿನಿಯರು ವರದಿ ಓದಿದರು. ಮೂವತ್ತು ಕಟ್ಟಡ ಸರಿ, ಮೂವತ್ತೊಂದನೆಯದರಲ್ಲಿ ಗುತ್ತಿಗೆದಾರರ ಲೋಪ. ತಾವು ಸಹಿ ಹಾಕಿ ಹಾಳೆಯನ್ನು ಪ್ರೊಫೆಸರಮ್ಮನ ಕಡೆ ದೂಡಿದರು. ಅವರೂ ಹಾಕಿದರು. ಅಪ್ಪ ಕನ್ನಡಕ ಒರೆಸಿಕೊಂಡು ಪೆನ್ನು ಕೈಗೆತ್ತಿಕೊಂಡ. ಪೆನ್ನಿನ ತುದಿ ಹಾಳೆಗೆ ತಾಗಿತು, ಅಲ್ಲೇ ನಿಂತಿತು. ನಮ್ಮವರು ತಲೆ ತಗ್ಗಿಸಿಕೊಂಡು ಕೂತಿದ್ದರು.

"ಈ ಮಾತು ಹೊಡೆದುಹಾಕಿ ಸಾರ್," ಎಂದ ಅಪ್ಪ. "ತಪ್ಪು ಅಳಿಯಂದಿರದ್ದಲ್ಲ. ಆ ನಾಲ್ಕಡಿ ನಂದು. ನಲವತ್ನಾಲ್ಕು ವರ್ಷದಿಂದ ನಂದೇ." ಆಮೇಲೆ ನನ್ನ ಕಡೆ ಕೈ ಚಾಚಿದ. "ಫೋಟೋ ಕೊಡಮ್ಮ."

ನಾನು ತೆಗೆದದ್ದು ಅವನಿಗೆ ಗೊತ್ತಿತ್ತು, ಬೆನ್ನ ಹಿಂದೆ ಕ್ಲಿಕ್ಕೆಂದದ್ದು ಕೇಳಿರಬೇಕು. ಎರಡು ದಿನ ಗೊತ್ತಿದ್ದೂ ಬಾಯಿ ಬಿಟ್ಟಿರಲಿಲ್ಲ. ಚೀಲದಿಂದ ತೆಗೆದು ಕೊಟ್ಟೆ.

ಫೋಟೋ ಒಂದು ಸುತ್ತು ಬಂತು. ಇಂಜಿನಿಯರು, ಹಾಗಾದರೆ ನೀವು ಸಮಿತಿಯಲ್ಲಿ ಮುಂದುವರಿಯುವುದು ಕಷ್ಟ ಎಂದರು. ಅಪ್ಪ ತಲೆಯಾಡಿಸಿದ. ಪ್ರೊಫೆಸರಮ್ಮ ಮಾತ್ರ ಫೋಟೋದಿಂದ ಕಣ್ಣು ತೆಗೆದಿರಲಿಲ್ಲ. ಅವರು, ಬೇರೆ ಎಲ್ಲಾದರೂ ಹೀಗೆ ಮಾಡಿದ್ದೀರಾ ಎಂದು ಕೇಳಿದರು. ಗದರಿಸಿ ಕೇಳಲಿಲ್ಲ, ಮೃದುವಾಗಿಯೇ ಕೇಳಿದರು.

"ಇಲ್ಲ ಅಂತ ನೆನಪು ಮೇಡಂ," ಎಂದ ಅಪ್ಪ. "ಆದ್ರೆ ಈ ನಾಲ್ಕಡೀನೂ ನೆನಪಿರಲಿಲ್ಲ. ಯಾಕೆ ಹಾಗ್ಮಾಡ್ದೆ ಅಂತ ಎರಡು ದಿನದಿಂದ ನೆನೆಸ್ಕೊಳ್ತಾ ಇದೀನಿ. ಬರ್ತಾನೇ ಇಲ್ಲ."

ನಮ್ಮವರು ಎದ್ದು ಮೇಜು ಸುತ್ತಿಕೊಂಡು ಹೋಗಿ ಅಪ್ಪನ ಪಕ್ಕದಲ್ಲಿ ಕೂತರು. ಇಂಥ ಚಾಚು ಗಾರೆಯನ್ನು ಅಪ್ಪ ಎಲ್ಲೆಲ್ಲಿ ಮಾಡಿದ್ದಾನೋ ಆ ಕಟ್ಟಡಗಳನ್ನೆಲ್ಲ ತಪಾಸಣೆಗೆ ಬರೆದುಕೊಳ್ಳಬೇಕು ಎಂದರು ಪ್ರೊಫೆಸರಮ್ಮ. ನಾನು ಅಳತೆ ಪುಸ್ತಕದ ಹೊಸ ಹಾಳೆ ತೆರೆದೆ. ಅಪ್ಪ ಕಣ್ಣು ಮುಚ್ಚಿಕೊಂಡು, ಬೀದಿ ಬೀದಿ ನಡೆದು ನೋಡುತ್ತಿರುವವನಂತೆ ಒಂದೊಂದಾಗಿ ಹೇಳುತ್ತ ಹೋದ. ಒಟ್ಟು ಹದಿನಾಲ್ಕು. ಎಂಟನೆಯದು ನನ್ನ ಮಗಳ ಶಾಲೆಯ ಮುಂಬಾಗಿಲು. ಹೆಸರು ಹೇಳುವಾಗ ಅಪ್ಪ ಕಣ್ಣು ತೆರೆಯಲಿಲ್ಲ. ನಾನು ಬರೆದುಕೊಂಡೆ, ಗಡಿಯಾರ ನೋಡಿದೆ. ಶಾಲೆ ಬಿಡುವುದಕ್ಕೆ ಇಪ್ಪತ್ತು ನಿಮಿಷವಿತ್ತು.