ಮೆತ್ತನೆಯ ಎಲುಬು

ಸೊಂಟನೋವಿಗೆಂದು ಡಾಕ್ಟರು ಬರೆದುಕೊಟ್ಟ ಪುಡಿಯ ಪೊಟ್ಟಣವನ್ನು ಇವತ್ತು ಬೆಳಿಗ್ಗೆ ಹಾಲಿಗೆ ಸುರಿದೆ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಸೀರೆಗೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳಿಗೆ ಒಂದು ಪೊಟ್ಟಣ ನೆಟ್ಟಗೆ ಹರಿಯಲು ಬಾರದು, ನೋಡಿ. ಪೊಟ್ಟಣದ ಮೇಲೆ ವಿಟಮಿನ್ ಡಿ ಎಂದಿತ್ತು. ಓದಿದೊಡನೆ ಗೌರತ್ತೆ ನೆನಪಾದಳು.

ಗೌರತ್ತೆ ಅಪ್ಪನ ಅಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ಶಿರಗುಪ್ಪಿಯ ಗಂಡನ ಮನೆಯಲ್ಲಿ ಯಾರಿಗೂ ಬೇಡವಾಗಿದ್ದಳು. ನನಗೆ ಎರಡು ವರ್ಷವಿದ್ದಾಗ ಅವ್ವ ಸಿಡುಬಿನಿಂದ ತೀರಿಕೊಂಡಳು. ಅಪ್ಪ ಅಕ್ಕನನ್ನು ಹುಬ್ಬಳ್ಳಿಗೆ ಕರೆತಂದ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪನದು ಅರಳೆ ವ್ಯಾಪಾರ. ಮನೆ ಎಷ್ಟು ಉದ್ದವೆಂದರೆ ನಡುಮನೆಯಲ್ಲಿ ಹಗಲೂ ದೀಪ ಬೇಕು. ಅವನದು ಒಂದೇ ಕಟ್ಟಪ್ಪಣೆ: ಕೂಸು ಹೊಸ್ತಿಲು ದಾಟಬಾರದು. ಅವ್ವನಿಗೆ ಬಂದದ್ದು ನನಗೂ ಬಂದೀತೆಂಬ ಅಂಜಿಕೆ. ಮಾಳಿಗೆಗಾದರೂ ಕರೆದೊಯ್ಯುತ್ತೇನೆಂದು ಗೌರತ್ತೆ ಎರಡು ಸಲ ಕೇಳಿದಳಂತೆ. ಅಪ್ಪ ಒಪ್ಪಲಿಲ್ಲ.

ಓಣಿಯಲ್ಲಿ ಆಡುವ ಮಕ್ಕಳನ್ನು ಹೆಜ್ಜೆ ಸಪ್ಪಳದಿಂದಲೇ ಗುರುತಿಸುತ್ತಿದ್ದೆ. ಒಬ್ಬರ ಮುಖವೂ ಗೊತ್ತಿರಲಿಲ್ಲ. ಹತ್ತಿಕಾಳುಗಳಿಗೆ ಹೆಸರಿಟ್ಟು ಅವುಗಳ ಜೊತೆ ಜಗಳವಾಡುತ್ತಿದ್ದೆ. ಅಲ್ಲಿಯೂ ಸೋಲುತ್ತಿದ್ದವಳು ನಾನೇ.

ಆರನೆಯ ವರ್ಷದಲ್ಲಿ, ನಡುಮನೆಯ ಕಟ್ಟೆಯಿಂದ ಇಳಿಯುವಾಗ ಜಾರಿ ಮುಂಗೈ ಮುರಿಯಿತು. ನಾಟಿ ವೈದ್ಯ ಬಿದಿರಿನ ದಬ್ಬೆ ಕಟ್ಟಿ ಹೋದ. ಕೈ ಕೂಡಿ ನಾಲ್ಕು ತಿಂಗಳಾಗಿರಲಿಲ್ಲ, ಊಟದ ಮಣೆಯಿಂದ ಏಳುವಾಗ ಮುಗ್ಗರಿಸಿ ಕಾಲು ಮುರಿಯಿತು. ಇಷ್ಟಕ್ಕೆಲ್ಲ ಎಲುಬು ಮುರಿಯುವುದುಂಟೇ ಎಂದು ಓಣಿಯವರು ಮಾತಾಡಿಕೊಂಡರು. ಗೌರತ್ತೆ ಹೆತ್ತವಳಲ್ಲ, ಸಿಟ್ಟಿಗೆ ಹೊಡೆದಿರಬೇಕು ಎಂದರು. ಆ ಮಾತು ಅಪ್ಪನ ಅಂಗಡಿಗೂ ಮುಟ್ಟಿತು.

ಅಂದು ಮಧ್ಯಾಹ್ನವೇ ಅಪ್ಪ ಮನೆಗೆ ಬಂದು ನನ್ನ ಹಾಸಿಗೆಯ ಪಕ್ಕ ಕುಳಿತ. ಹಾಗೆ ಅವನು ಹಿಂದೆಂದಾದರೂ ಕುಳಿತದ್ದು ನನಗೆ ನೆನಪೇ ಇರಲಿಲ್ಲ. ತಲೆ ಸವರಿ ಕೇಳಿದ: “ಖರೇ ಹೇಳು. ಗೌರತ್ತಿ ಹೊಡದಾಳೇನು?”

ಇಲ್ಲ ಎಂದರೆ ಎದ್ದು ಹೋಗುತ್ತಾನೆ. ನನಗೆ ಹೊಳೆದದ್ದು ಅಷ್ಟೇ. ನಾನು ಸುಮ್ಮನಿದ್ದೆ. ಅಪ್ಪ ಬಹಳ ಹೊತ್ತು ಕುಳಿತಿದ್ದ.

ಮರುದಿನ ಅಪ್ಪ ಗೌರತ್ತೆಯನ್ನು ಶಿರಗುಪ್ಪಿಗೆ ಕಳಿಸಿಬಿಟ್ಟ. ಹೊರಡುವಾಗ ನನ್ನ ಕಾಲಿನ ಕೆಳಗಿನ ಮೆತ್ತೆ ಸರಿಪಡಿಸಿದಳು, ಅಲುಗಾಡಿಸಬೇಡವೆಂದಳು.

ಕಾಲು ಕೂಡದಿದ್ದಾಗ ಅಪ್ಪ ದೊಡ್ಡ ಡಾಕ್ಟರಲ್ಲಿಗೆ ಹೊತ್ತೊಯ್ದ. ಅವರು ಎಕ್ಸರೇ ತೆಗೆಸಿ, ಬಾಗಿದ್ದ ನನ್ನ ಕಾಲುಗಳನ್ನು ಮುಟ್ಟಿ ನೋಡಿ ಹೇಳಿದರು: “ಯಾರೂ ಹೊಡದಿಲ್ಲರಿ. ಕೂಸು ಬಿಸಲು ಕಂಡಿಲ್ಲ. ಎಲುಬು ಮೆತ್ತಗ ಆಗ್ಯಾವ.” ದಿನವೂ ಮೀನೆಣ್ಣೆ ಬರೆದುಕೊಟ್ಟರು. ನಮ್ಮಂಥವರ ಮನೆಯಲ್ಲಿ ಮೀನೆಣ್ಣೆ! ಅಪ್ಪ ತಾನೇ ಮೂಗು ಹಿಡಿದುಕೊಂಡು ನನಗೆ ಕುಡಿಸಿದ. ಬೆಳಗಿನ ಬಿಸಿಲಿಗೆ ಮಾಳಿಗೆಯ ಮೇಲೆ ಕೂರಿಸಿದ. ವರ್ಷದೊಳಗೆ ಓಡಾಡಿದೆ. ಅಕ್ಕನನ್ನು ಕರೆತರಲು ಮಾತ್ರ ಅವನು ಹೋಗಲಿಲ್ಲ. ನಾಳೆ, ಸುಗ್ಗಿ ಮುಗಿಯಲಿ, ಅನ್ನುತ್ತಲೇ ಉಳಿದ.

ಮ್ಯಾಟ್ರಿಕ್ ಮುಗಿಸಿದ ಬೇಸಿಗೆಯಲ್ಲಿ ನಾನೊಬ್ಬಳೇ ಬಸ್ಸು ಹತ್ತಿ ಶಿರಗುಪ್ಪಿಗೆ ಹೋದೆ. ಗೌರತ್ತೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೈ ಒರೆಸಿಕೊಂಡು, ಮೊದಲು ನನ್ನ ಮೊಣಕಾಲಿನ ಕೆಳಗೆ ಒತ್ತಿ ನೋಡಿದಳು.

“ಅಪ್ಪ ಕೇಳಿದಾಗ ನಾ ಸುಮ್ಮನಿದ್ದೆ, ಅತ್ತಿ,” ಎಂದೆ.

“ಗೊತ್ತೈತಿ. ಬಾಗಲದಾಗ ನಿಂತಿದ್ದೆ.”

“ಮತ್ತ ನೀನರ ಯಾಕ ಹೇಳಲಿಲ್ಲ?”

ಅವಳು ಮತ್ತೊಂದು ಮೆಣಸಿನಕಾಯಿ ಎತ್ತಿಕೊಂಡಳು. “ನಿಮ್ಮಪ್ಪ ನನ್ನ ಕೇಳಲೇ ಇಲ್ಲಲ, ತಂಗಿ.”

ಎರಡು ವರ್ಷಕ್ಕೆ ಅವಳು ಹೋದಳು. ಆಮೇಲೆ ಅಪ್ಪನೂ. ಈ ಮಾತನ್ನು ಹಂಚಿಕೊಳ್ಳಬಲ್ಲವರು ಯಾರೂ ಉಳಿಯಲಿಲ್ಲ. ನಾನೂ ಯಾರನ್ನೂ ಹುಡುಕಲಿಲ್ಲ.

ನಾನೀಗಿರುವ ಸಪ್ತಾಪುರದ ಈ ಮನೆಯ ಮೇಲಿನ ಖೋಲಿಯಲ್ಲಿ ಓದುವ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ದಿನಾ ಹೋಗುವಾಗ ಬಾಗಿಲಲ್ಲಿ ನಿಂತು ಹೇಗಿದ್ದೀರಿ ಎಂದು ಕೇಳುತ್ತಾಳೆ, ದಿನಾ ಛಲೋ ಇದ್ದೇನೆ ಎನ್ನುತ್ತೇನೆ. ಇವತ್ತೂ ಕೇಳಿದಳು.

“ಲಗೂ ಹೋಗಬೇಕೇನು?” ಎಂದೆ. ಇಲ್ಲವೆಂದಳು.

“ಹಂಗಾದ್ರ ಒಂದೀಟು ಕುಂದ್ರು,” ಎಂದು ಕುರ್ಚಿ ಎಳೆದು ಕೊಟ್ಟೆ.