ಹಿಮದ ಬೂಟಿಗೆ ಹೆಣೆದ ಕಾಲುಚೀಲ

ಆ ದಿನವೂ ಐದಕ್ಕೆಲ್ಲ ನಲ್ಲಿ ಬುಸುಗುಟ್ಟಿತು. ನೀರು ಬರುವುದಕ್ಕೆ ಮೊದಲು ಬರುವ ಆ ಗಾಳಿಯ ಸದ್ದೇ ಬಳ್ಳಾರಿಯ ನಮ್ಮ ಓಣಿಯ ಹೆಂಗಸರಿಗೆಲ್ಲ ಗಡಿಯಾರ. ಎದ್ದು ಹಂಡೆ ತುಂಬಿಸಿದೆ. ಕುಡಿಯುವ ನೀರಿನ ಕೊಡಗಳ ಬಾಯಿಗೆ ಬಟ್ಟೆ ಕಟ್ಟಿ ಸೋಸಿಟ್ಟೆ. ಅಂಗಳಕ್ಕೆ ನೀರು ಹಾಕಿ ನಾಲ್ಕೆಳೆ ರಂಗೋಲಿ ಎಳೆದೆ. ಬೇಸಿಗೆ, ಕೊನೆಯ ಎಳೆ ಮುಗಿಯುವಷ್ಟರಲ್ಲಿ ಮೊದಲ ಎಳೆಯ ಕೆಳಗಿನ ಕಲ್ಲು ಒಣಗಿ ಬೆಳ್ಳಗಾಗಿತ್ತು. ಹಾಲು ಕಾಯಿಸಿಟ್ಟು, ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತ ಕೂತಾಗ ಪಡಸಾಲೆಯಿಂದ ಆ ಸದ್ದು ಕೇಳಿತು. ಒಂದು ಹೆಜ್ಜೆ ಪೂರ್ತಿ, ಒಂದು ಅರ್ಧ. ಒಂದು ಪೂರ್ತಿ, ಒಂದು ಅರ್ಧ. ಚಾಕು ಕೆಳಗಿಟ್ಟು, ಅದು ಬಚ್ಚಲು ಮುಟ್ಟುವವರೆಗೆ ಕೇಳಿಸಿಕೊಂಡೆ.

ನನ್ನ ತಮ್ಮ ಬಂದು ಆಗ ಮೂರು ದಿನವಾಗಿತ್ತು. ಸೈನ್ಯದಲ್ಲಿದ್ದ. ಮೇಲೆ ಹಿಮದ ಗುಡ್ಡಗಳಲ್ಲಿ ಕಾಲಿಗೆ ಉದ್ದನೆಯ ಮರದ ಹಲಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತ ಹೋಗುವ ತುಕಡಿ ಅವನದು. ಚಳಿಗಾಲದಲ್ಲಿ ಒಮ್ಮೆ ದಾರಿಯಲ್ಲೇ ಹಿಮದ ಬಿರುಗಾಳಿ ಹಿಡಿದು ಒಂದು ರಾತ್ರಿ ಬಯಲಲ್ಲಿ ಕಳೆದರಂತೆ. ಹೋದವರೆಲ್ಲ ತಿರುಗಿ ಬಂದರು. ನನ್ನ ತಮ್ಮನ ಎಡಗಾಲಿನಲ್ಲಿ ಮಾತ್ರ ಹೆಬ್ಬೆರಳೊಂದು ಉಳಿಯಿತು. ಮಿಕ್ಕ ನಾಲ್ಕು ಬೆರಳು ಕಪ್ಪಗಾಗಿ, ಆಸ್ಪತ್ರೆಯಲ್ಲಿ ತೆಗೆದರು.

ಸಿರುಗುಪ್ಪದ ತವರುಮನೆಗೆ ಹೋಗುವ ಮೊದಲು ಅವನು ನನ್ನ ಮನೆಗೆ ಬಂದಿದ್ದ. "ಅವ್ವ ನೋಡೂದ್ರಾಗ ಸೀದಾ ನಡಿಯಾಕ ಕಲೀಬೇಕು ಅಕ್ಕಾ, ಇಲ್ಲಂದ್ರ ಊರ ಮಂದಿನೆಲ್ಲ ಕೂಡಿಸಿ ಅಳ್ತಾಳ" ಎಂದ. ನಾನು ಕಾಲು ನೋಡಿ ಅಳಲಿಲ್ಲ. ನನ್ನ ಮನಸ್ಸು ಬೇರೆಲ್ಲೋ ಇತ್ತು. ಅದನ್ನು ಹೇಳಬೇಕಾದರೆ ಎರಡು ವರ್ಷ ಹಿಂದಕ್ಕೆ ಹೋಗಬೇಕು.

ಅದಕ್ಕೂ ಹಿಂದೆ, ನಾನು ಹುಡುಗಿಯಾಗಿದ್ದಾಗ, ಅಪ್ಪ ನನ್ನನ್ನು ಬಳ್ಳಾರಿಯ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದ್ದರು. ಅಲ್ಲಿ ಎಂಥದೋ ದೂರದ ಚಳಿದೇಶದಿಂದ ಬಂದ ಮುದುಕಿ ಸಿಸ್ಟರ್ ಒಬ್ಬರು ನಮಗೆ ಉಣ್ಣೆ ಹೆಣೆಯುವುದನ್ನು ಕಲಿಸಿದರು. ಬೆರಳ ಸಂದಿ ಬೆವೆತು ನೂಲು ಕಡ್ಡಿಗೆ ಅಂಟಿಕೊಳ್ಳುವ ಊರಿನಲ್ಲಿ ಉಣ್ಣೆ! ನಾವೆಲ್ಲ ನಗುತ್ತಿದ್ದೆವು. ಆದರೂ ನನ್ನ ಕೈ ಅದಕ್ಕೆ ಒಗ್ಗಿತು. ಕಾಲುಚೀಲದ ಹಿಮ್ಮಡಿ ತಿರುಗಿಸುವ ಜಾಗದಲ್ಲಿ ಹೆಣಿಗೆಯ ಒಂದು ಕಣ್ಣೂ ಸಡಿಲಾಗದಂತೆ ಹೆಣೆಯುತ್ತಿದ್ದೆ. ಮದುವೆಯಾದ ಮೇಲೆ ಕಡ್ಡಿಗಳು ಟ್ರಂಕಿನ ತಳದಲ್ಲಿ ಉಳಿದಿದ್ದವು.

ಎರಡು ವರ್ಷದ ಹಿಂದಿನ ರಜೆಯಲ್ಲಿ ತಮ್ಮ ಹೊಸ ಬೂಟು ತಂದಿದ್ದ. ದಪ್ಪ ಚರ್ಮದ್ದು. ಮೂತಿ ಚೌಕ, ಹಿಮ್ಮಡಿಯಲ್ಲಿ, ಜಾರುವ ಹಲಗೆಗೆ ಬಿಗಿಯುವ ತಂತಿ ಕೂರಲು ಒಂದು ಗೆರೆ. ಅದು ಪಳಗಲಿ ಎಂದು ಬಳ್ಳಾರಿಯ ಬಿಸಿಲಿನಲ್ಲಿ ಅದನ್ನೇ ಹಾಕಿಕೊಂಡು ಬೆಳಿಗ್ಗೆ ಸಂಜೆ ಕೋಟೆಗುಡ್ಡ ಹತ್ತಿ ಇಳಿಯುತ್ತಿದ್ದ. ಓಣಿಯವರೆಲ್ಲ ನಿಂತು ನೋಡುತ್ತಿದ್ದರು. ಜಾರುವುದೆಂದರೆ ಅವನಿಗೆ ಚಿಕ್ಕಂದಿನಿಂದ ಹುಚ್ಚು. ಸಿರುಗುಪ್ಪದ ಕಾಲುವೆ ಏರಿಯ ಮೇಲಿಂದ ಗೋಣಿಚೀಲದ ಮೇಲೆ ಕೂತು ಜಾರಿ ಚಡ್ಡಿ ಹರಿದುಕೊಂಡು ಬಂದು ಅವ್ವನ ಕೈಯಲ್ಲಿ ಹೊಡೆತ ತಿಂದವನು. ಈಗ ಅದಕ್ಕೇ ಸರ್ಕಾರ ಸಂಬಳ ಕೊಡುತ್ತದೆ ಎಂದು ಅವನಿಗೇ ನಂಬಿಕೆ ಇರಲಿಲ್ಲ.

"ಬಿಗಿ ಅಲ್ಲೇನೋ ಇದು?" ಎಂದು ನಾನು ಬೂಟಿನ ಮೂತಿ ಒತ್ತಿ ನೋಡಿದ್ದೆ.

"ಒಂದ ಜೊತಿ ಸರ್ಕಾರಿ ಸಾಕ್ಸ್ ಹಾಕಿಸೇ ಅಳತಿ ತಗಂಡಾರ ಅಕ್ಕಾ. ಒಳಗ ಬೆರಳು ಹಾರ್ಮೋನಿಯಂ ಬಾರಿಸಬೇಕು ಅಂತಾನ ನಮಗ ಜಾರಾಕ ಕಲಿಸೋ ಉಸ್ತಾದ. ಬೆರಳು ಆಡದಿದ್ರ ರಕ್ತ ಬರಂಗಿಲ್ಲ, ರಕ್ತ ಬರದಿದ್ರ ಬೆರಳು ಹೋತು ಅಂತ ತಿಳಕ."

ಕೇಳಿಸಿಕೊಂಡೆ. ಆದರೆ ಚಳಿ ಎಂದರೆ ಏನೆಂದು ನನಗೇನು ಗೊತ್ತಿತ್ತು? ನಮ್ಮ ಊರಲ್ಲಿ ಪುಷ್ಯಮಾಸದಲ್ಲಿ ಒಂದು ಹೊದಿಕೆಗೆ ತಡೆಯದಿದ್ದರೆ ಎರಡು ಹೊದೆಯುತ್ತೇವೆ. ಲೆಕ್ಕ ಅಷ್ಟೇ. ಮರುದಿನವೇ ಟ್ರಂಕು ತೆಗೆದೆ. ಹಳೆಯ ಮರೂನ್ ಬಣ್ಣದ ಉಣ್ಣೆ ಇತ್ತು. ಎದುರುಮನೆಯಾಕೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ನನ್ನನ್ನು ನೋಡಿ ನಕ್ಕರು: "ಈ ಬಿಸಿಲಾಗ ಉಣ್ಣಿ ಹೆಣೀತೀಯಲ್ಲಮ್ಮಾ, ನೆತ್ತಿಗೆ ಹರಳೆಣ್ಣಿ ಹಚ್ಚಿಕೋ ಮೊದಲ!" ಎಂಟು ದಿನದಲ್ಲಿ ಒಂದು ಜೊತೆ ಮುಗಿಸಿದೆ. ಒತ್ತಾಗಿ, ಗಾಳಿ ತೂರದಂತೆ.

ಅವನು ಹೊರಡುವ ದಿನ ಕೈಗಿಟ್ಟು, "ಸರ್ಕಾರದ್ದರ ಮ್ಯಾಲ ಇದನ್ನೂ ಹಾಕ್ಕಬೇಕು. ದಿನಾ" ಎಂದೆ.

"ಇಕ್ಕಟ್ಟಾಕ್ಕೈತಿ ಅಕ್ಕಾ."

"ಏನಾಗಂಗಿಲ್ಲ. ನನ್ನ ಮ್ಯಾಲ ಆಣಿ ಮಾಡು."

ನಕ್ಕ. ನನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ನಮ್ಮ ಮನೆಯಲ್ಲಿ ಆಣೆ ಎಂದರೆ ಆಣೆ. ಅಕ್ಕನ ತಲೆ ಮುಟ್ಟಿ ಮಾಡಿದ್ದನ್ನು ಮುರಿದರೆ ಆ ತಲೆಗೇ ಕೇಡು ಎಂದು ಇಬ್ಬರನ್ನೂ ಬೆಳೆಸಿದ್ದು ಅವ್ವ.

ಆಸ್ಪತ್ರೆಯಿಂದ ಅವನ ಕಾಗದ ಬಂದ ದಿನದಿಂದ ನನಗೆ ಬೇಕಾಗಿದ್ದು ಒಂದೇ. ಆ ರಾತ್ರಿ ಅವನು ಆಣೆ ಮುರಿದಿರಲಿ. ನನ್ನ ತಲೆಗೆ ಏನು ಬಂದರೂ ಬರಲಿ, ನನ್ನ ಕಾಲುಚೀಲ ಅವನ ಬೂಟಿನೊಳಗೆ ಇರದಿರಲಿ.

ಬಂದ ಮೊದಲ ದಿನವೇ ಕೇಳಿದ್ದೆ. "ಇಲ್ಲ ಬಿಡಕ್ಕಾ, ಅವತ್ತ ಹಾಕ್ಕಂಡಿರಲಿಲ್ಲ" ಎಂದಿದ್ದ, ತಟ್ಟೆಯಿಂದ ಮುಖ ಎತ್ತದೆ. ಎಡಗಾಲಿನ ಬೂಟನ್ನು ಮಾತ್ರ ಕಿಟ್‌ಬ್ಯಾಗಿನಲ್ಲಿ ತಂದಿದ್ದ. ಬಾತ ಕಾಲನ್ನು ಹೊರಗೆ ತೆಗೆಯಲು ಅದರ ನಾಲಗೆಯುದ್ದಕ್ಕೂ ಚಾಕುವಿನಿಂದ ಸೀಳಿದ್ದರಂತೆ; ಸೀಳಿದ್ದನ್ನು ಉಗ್ರಾಣದವರು ವಾಪಸು ತೆಗೆದುಕೊಳ್ಳಲಿಲ್ಲ. ಅದು ಪಡಸಾಲೆಯ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಕೂತಿತ್ತು. ಕಸ ಗುಡಿಸುವಾಗ ಮೂರು ದಿನವೂ ಅದರ ಸುತ್ತ ಗುಡಿಸಿದೆ. ಒಳಗೆ ಒಮ್ಮೆ ಕೈಹಾಕಿ ನೋಡಿದರೆ ಗೊತ್ತಾಗುತ್ತದೆ ಅನ್ನಿಸುತ್ತಿತ್ತು. ಕೈ ಹೋಗುತ್ತಿರಲಿಲ್ಲ.

ಆ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಅವನು ಅಂಗಳದ ಕಲ್ಲಿನ ಮೇಲೆ ಕೂತು ಕಾಲು ಒರೆಸಿಕೊಂಡ. ಹಿಮದಲ್ಲಿ ಕಲಿತ ಪಾಠ. ಎರಡು ಬೆರಳ ನಡುವೆ ಒಂದು ಹನಿ ಪಸೆ ಉಳಿಯಬಾರದು. ಬಲಗಾಲಿನ ಒಂದೊಂದೇ ಸಂದಿ ಒರೆಸಿ ಪೌಡರ್ ಹಾಕಿದ. ಆಮೇಲೆ ಎಡಗಾಲು. ಹೆಬ್ಬೆರಳು ಒರೆಸಿ, ಅದರ ಪಕ್ಕದ ಬರೀ ಗಾಳಿಯಲ್ಲೂ ಟವೆಲ್ಲಿನ ತುದಿಯನ್ನು ಒಂದು, ಎರಡು, ಮೂರು ಎಂದು ಆಡಿಸಿ ಬಂದ. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ನಿಲ್ಲಿಸಿದ.

"ಒಂದು ಲಾಭ ಆತಕ್ಕಾ, ಉಗುರು ತೆಗಿಯೋ ಕೆಲಸ ಕಡಿಮಿ ಆತು" ಎಂದ.

ನಮ್ಮ ಯಜಮಾನರು ಮಂಡಕ್ಕಿ ಒಗ್ಗರಣೆ ತಿಂದು ಆಫೀಸಿಗೆ ಹೋದ ಮೇಲೆ ನಾವಿಬ್ಬರೂ ಜಟಕಾ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದೆವು. ಕುರುಗೋಡಿನಲ್ಲಿ ಜೋಡು ಹೊಲಿಯುವ ಅಜ್ಜ ಒಬ್ಬರಿದ್ದರು. ವಾರೆಯಾದ ಕಾಲಿಗೂ ಸೊಟ್ಟ ಪಾದಕ್ಕೂ ಸರಿಯಾಗಿ ಕೂರುವಂತೆ ಜೋಡು ಮಾಡಿಕೊಡುತ್ತಾರೆಂದು ಹೆಸರು. ಬೂಟನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಜೊತೆಗೆ ತಂದಿದ್ದೆವು, ಅಳತೆಗೆ ಬೇಕಾದೀತೆಂದು.

ಬಂಡೆಗುಡ್ಡದ ನೆರಳು ಬೀಳುವ ಒಂದು ಚಪ್ಪರದ ಕೆಳಗೆ ಅಜ್ಜ ಕೂತಿದ್ದರು. "ಬರ್ರಿ ಅಮ್ಮಾ, ನೆಳ್ಳಿಗೆ ಬರ್ರಿ. ಏನು, ಮಿಲ್ಟ್ರಿಯವರನ್ನ ಕರಕಂಡ ಬಂದೀರಿ?"

"ಹೆಂಗ ಗೊತ್ತಾತಜ್ಜಾ?" ತಮ್ಮ ಕೇಳಿದ.

"ನಿಂತಿದ್ದ ನೋಡಿದ್ರ ತಿಳಿಯಂಗಿಲ್ಲೇನು? ಕಾಲು ನೊಂದರೂ ಎದಿ ಇಳಿದಿಲ್ಲ. ಕುಂದರಪ್ಪಾ, ಇಲ್ಲಿ ಯಾರೂ ಸಲಾಮು ಕೇಳಂಗಿಲ್ಲ."

ಅಜ್ಜನ ಅಳತೆಯ ರೀತಿಯೇ ಬೇರೆ. ಟೇಪು ಇಲ್ಲ, ಕಾಗದ ಇಲ್ಲ. ಕಾಲನ್ನು ಬಾನಿಯ ನೀರಿನಲ್ಲಿ ಅದ್ದಿಸಿ, ಎದುರಿಗಿದ್ದ ನುಣುಪು ಕಲ್ಲುಚಪ್ಪಡಿಯ ಮೇಲೆ ನಿಲ್ಲಿಸುತ್ತಿದ್ದರು. ಕಾಲು ಎತ್ತಿದ ಕೂಡಲೇ, ಬೇಸಿಗೆಯ ಝಳಕ್ಕೆ ಆ ಒದ್ದೆಯ ಗುರುತು ಆರುವುದರೊಳಗೆ ಸೀಮೆಸುಣ್ಣದಿಂದ ಅಂಚು ಗೀಚಬೇಕು. ತಮ್ಮ ನಿಂತ. ಕಾಲೆತ್ತಿದ. ಕಲ್ಲಿನ ಮೇಲೆ ಬಲಗಾಲು ಐದು ಬೆರಳಿನೊಂದಿಗೆ ಬಂದಿತ್ತು. ಎಡಗಾಲು ಬಂದು, ಹೆಬ್ಬೆರಳು ಬಂದು, ಅಲ್ಲಿಗೆ ನಿಂತಿತ್ತು. ಅಜ್ಜನ ಸೀಮೆಸುಣ್ಣವೂ ಆ ಜಾಗದಲ್ಲಿ ಒಂದು ಗಳಿಗೆ ನಿಂತು, ಆಮೇಲೆ ತಿರುಗಿಕೊಂಡಿತು.

ಬೂಟಿನ ಗಂಟು ಬಿಚ್ಚಿ ಕೊಟ್ಟೆ. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯಾರು ಹೊಲಿದಾರೋ, ಒಳ್ಳೆ ಕೈ ಐತಿ." ಒಂದು ಚರ್ಮದ ಪಟ್ಟಿಯನ್ನು ಬೂಟಿನೊಳಗೆ ಇಳಿಸಿ, ತೆಗೆದು, ತಮ್ಮನ ಬಲಗಾಲಿಗೆ ಹಿಡಿದರು. "ಬರೋಬರ್ ಐತಿ. ದಪ್ಪ ಸಾಕ್ಸ್ ಒಂದು ಹಾಕ್ಕಂಡ್ರೂ ಮುಂದ ಜಾಗ ಉಳೀತೈತಿ. ಬೂಟಿಂದೇನು ತಪ್ಪಿಲ್ಲಪ್ಪ."

"ಮತ್ತ್ಯಾಕ ಹಿಂಗಾತಜ್ಜಾ?" ಎಂದೆ. ಕೇಳಬಾರದಿತ್ತು.

"ಯಾಕಂದ್ರ," ಎನ್ನುತ್ತ ಅಜ್ಜ ಸೀಳಿದ ಬಾಯಿಯಲ್ಲಿ ಕೈಯಿಟ್ಟು ಮೂತಿಯವರೆಗೆ ತಡವಿದರು. "ಇಲ್ಲಿ ನೋಡ್ರಿ, ಒಳಗಿನ ಅಸ್ತರು ಹೆಂಗ ಒತ್ತಿ ನುಣ್ಣಗಾಗೈತಿ. ಬೆರಳು ಆಡಿದ ಬೂಟು ಹಿಂಗಿರಂಗಿಲ್ಲ. ಒಳಗ ಏನೋ ಗಿಡಿದಿದ್ರಿ ನೀವು." ಉಗುರಿನಿಂದ ಏನನ್ನೋ ಕಿತ್ತು ಹೊರಗೆ ತೆಗೆದು ಅಂಗೈಯಲ್ಲಿಟ್ಟರು. ನೆನೆದು, ಒಣಗಿ, ಕಂಬಳಿಯ ಹಾಗೆ ಗಟ್ಟಿಯಾಗಿದ್ದ ಒಂದು ಉಣ್ಣೆಯ ಚೂರು. ಮರೂನ್.

ಅಷ್ಟು ಒತ್ತಾದ ಹೆಣಿಗೆ ನನ್ನದೇ. ಕಣ್ಣುಗಳು ಇನ್ನೂ ಎಣಿಸುವ ಹಾಗಿದ್ದವು.

"ಅದು ಅವತ್ತಿಂದಲ್ಲಜ್ಜಾ," ತಮ್ಮ ತಡಮಾಡದೆ ಹೇಳಿದ. "ಹಳೇದು. ಬ್ಯಾರೆ ದಿನದ್ದು."

ಅಜ್ಜ ಅವನ ಮುಖ ನೋಡಿದರು, ನನ್ನ ಮುಖ ನೋಡಿದರು. "ಇರಬೌದು," ಎಂದು ಚೂರನ್ನು ಬೂಟಿನೊಳಕ್ಕೇ ಹಾಕಿ ಪಕ್ಕಕ್ಕಿಟ್ಟರು. ಚಪ್ಪಡಿಯ ಮೇಲೆ ಒದ್ದೆಯ ಕಾಲುಗಳು ಆರಿಹೋಗಿ ಬರೀ ಬಿಳಿಯ ಗೆರೆ ಉಳಿದಿತ್ತು. "ಎಂಟು ದಿನ ಬಿಟ್ಟು ಬರ್ರಿ. ಹೊಸ ಜೋಡಿನ ಮುಂದಿನ ಜಾಗಕ್ಕ ಮೆತ್ತನ್ನ ಚರ್ಮ ತುಂಬಿ ಕೊಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ತಿರುಗಿ ಬರುವ ಬಸ್ಸಿನಲ್ಲಿ ತಮ್ಮ ಬಿಸಿಲು ಬೀಳುವ ಕಡೆಯ ಸೀಟು ಹಿಡಿದ. ಮಧ್ಯಾಹ್ನದ ಆ ಉರಿಯಲ್ಲಿ ಉಳಿದವರೆಲ್ಲ ಆ ಕಡೆಯ ಕಿಟಕಿಗಳನ್ನು ಮುಚ್ಚಿಕೊಂಡಿದ್ದರು. ಚಪ್ಪಲಿ ಕಳಚಿ, ಎಡಗಾಲನ್ನು ಮುಂದಕ್ಕೆ ಚಾಚಿ, ಬಿಸಿಲು ಬಿದ್ದ ತಗಡಿನ ಮೇಲೆ ಇಟ್ಟ.

"ಸುಡಂಗಿಲ್ಲೇನೋ?"

"ಇದ್ದ ಕಾಲು ಸುಡ್ತೈತಿ," ಎಂದ. "ಇಲ್ಲದ ಬೆರಳು ಇನ್ನಾ ತಣ್ಣಗ ಅದಾವಕ್ಕಾ. ರಾತ್ರಿ ಹಗಲು."

ನನ್ನ ಮೇಲೆ ಆಣೆ, ನಿಜ ಹೇಳು ಎನ್ನಲು ಬಾಯಿ ತೆರೆದೆ. ಆಣೆ ಎಂಬ ಮಾತನ್ನು ಅವನೆದುರು ನಾನು ಮತ್ತೆ ಹೇಗೆ ಹೇಳಲಿ? ದಾರಿಯುದ್ದಕ್ಕೂ ಅವನು ಹೊರಗೆ ನೋಡುತ್ತಿದ್ದ. ಸೀಟಿನಡಿಯಲ್ಲಿ, ಮತ್ತೆ ಗಂಟು ಕಟ್ಟಿ ತಂದಿದ್ದ ಬೂಟು ಬಸ್ಸು ಕುಲುಕಿದಾಗಲೆಲ್ಲ ನನ್ನ ಹಿಮ್ಮಡಿಗೆ ತಾಕುತ್ತಿತ್ತು. ಒಮ್ಮೆ ಕಾಲು ಸರಿಸಿಕೊಂಡೆ, ಅದೂ ಸರಿದು ಬಂತು.

ಮನೆಗೆ ಬಂದು ಅವನು ಮಲಗಿದ ಮೇಲೆ ಅವನ ಕಿಟ್‌ಬ್ಯಾಗಿನಲ್ಲಿದ್ದ ಸಾಕ್ಸ್ ಒಗೆದು ಅಂಗಳದ ಹಗ್ಗಕ್ಕೆ ಹಾಕಿದೆ. ಎರಡರಲ್ಲಿ ಒಂದರ ತುದಿ ನಡೆದು ನಡೆದು ಬೆರಳಿನ ಆಕಾರಕ್ಕೆ ಬಂದಿತ್ತು. ಇನ್ನೊಂದರ ತುದಿ ಇನ್ನೂ ಹೊಸದು. ಅದು ಗಾಳಿಗೆ ತುಂಬಿಕೊಳ್ಳುತ್ತಿತ್ತು, ಖಾಲಿಯಾಗುತ್ತಿತ್ತು. ಒಲೆಯ ಮುಂದೆ ಕೂತರೂ ನನಗೆ ಅದೇ ಕಾಣುತ್ತಿತ್ತು.

ಸಂಜೆ ತಮ್ಮ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಬಟ್ಟಲು ಹಿಡಿದು ಬಂದರು. ಅವನ ಕಾಲು ನೋಡಿ ಲೊಚ್ಚೆಂದು, ಹೆದರಬ್ಯಾಡಪ್ಪ, ಹೆಣ್ಣು ಕೊಡೋರಿಗೇನು ಬೆರಳು ಎಣಿಸೋ ಕೆಲಸ ಇರಂಗಿಲ್ಲ ಎಂದು ಅವನನ್ನು ನಗಿಸಿದರು. ಹಗ್ಗದ ಮೇಲಿನ ಸಾಕ್ಸ್ ಅವರ ಕಣ್ಣಿಗೆ ಬಿತ್ತು. ನಾನು ಒಂದು ಚಮಚ ಮೊಸರು ಹಾಕಿ ಬಟ್ಟಲು ಚಾಚಿದೆ. ತೆಗೆದುಕೊಂಡು, ಸೆರಗು ಮುಚ್ಚಿ, ಮೆಟ್ಟಿಲು ಇಳಿಯುತ್ತ ಹೇಳಿದರು:

"ಅವತ್ತು ಹೆಣಿಯಾಕ ಕುಂತಾಕಿ ಒಂದಕ್ಕ ನಿಲ್ಲಿಸಿಬಿಟ್ಟಿ ನೋಡಮ್ಮಾ. ಇನ್ನೊಂದು ಜೊತಿ ಹೆಣದು ಅದರ ಮ್ಯಾಲ ಹಾಕಸಿದ್ದರ, ಪಾಪ, ಬೆರಳು ಉಳೀತಿದ್ದವು."