ಜಡೆ ಹಾಕುತ್ತಿದ್ದ ಮಿಲಿಟರಿಯವನು

ನನ್ನ ಗೆಳೆಯ ಸೈನ್ಯಕ್ಕೆ ಸೇರಿದ್ದು ನನ್ನಿಂದ. ಅವನಿಗೆ ಆ ಆಸೆಯೇ ಇರಲಿಲ್ಲ. ಎಪ್ಪತ್ತರ ಸುಮಾರಿಗೆ ತುಮಕೂರಿನಲ್ಲಿ ಮಿಲಿಟರಿಗೆ ಆಳು ತೆಗೆದುಕೊಳ್ಳುತ್ತಾರೆಂದು ಕೇಳಿ ಹೊರಟವನು ನಾನು. ಒಬ್ಬನೇ ಹೋಗಲು ಧೈರ್ಯ ಸಾಲದೆ ಅವನನ್ನೂ ಎಳೆದುಕೊಂಡು ಹೋದೆ. ಕೊಳಾಲದ ಹತ್ತಿರದ ನಮ್ಮೂರಿನಲ್ಲಿ ಅವರದು ಕುರಿ ಕಾಯುವ ಮನೆ. ಆವತ್ತೊಂದು ದಿನಕ್ಕೆಂದು ಕುರಿಗಳನ್ನು ಅಪ್ಪನಿಗೆ ಒಪ್ಪಿಸಿ ಬಂದಿದ್ದ.

ನನ್ನ ಎದೆಯ ಅಳತೆ ಸಾಲಲಿಲ್ಲ. ಅವನು ಸುಮ್ಮನೆ ಸಾಲಿನಲ್ಲಿ ನಿಂತ, ಓಡಿದ, ಆಯ್ಕೆಯಾದ. ವಾಪಸು ಬರುವಾಗ ಕೊರಟಗೆರೆಯಲ್ಲಿ ಬಸ್ಸು ಇಳಿದೆವು. ಇಳಿದ ಮೇಲೆ, “ಇದೇನ್ಲಾ ಮಾಡ್ಬುಟ್ಟೆ ನೀನು?” ಅಂದ. ಬೈದಹಾಗಿರಲಿಲ್ಲ, ನಿಜವಾಗಿಯೂ ಕೇಳಿದಹಾಗಿತ್ತು.

ಬೈದವಳು ಅವನ ತಾಯಿ. “ನನ್ ಮಗನ್ನ ಮಿಲ್ಟ್ರಿಗೆ ನೂಕ್ಬುಟ್ಟು ನೀನು ಊರಾಗೆ ಉಳ್ಕೊಂಡೆ ಕಣ್ಲಾ” ಎಂದು ಬಾವಿಯ ಹತ್ತಿರ ನಾಲ್ಕು ಜನರ ಎದುರಿಗೇ ಅಂದಳು. ಮರುವರ್ಷ ಯುದ್ಧದ ಮಾತು ಶುರುವಾಗಿ ಕೊನೆಗೆ ಯುದ್ಧವೇ ಬಂತು. ನಾನಾಗ ಮಧುಗಿರಿಯಲ್ಲಿ ಮೇಷ್ಟರ ತರಬೇತಿಯಲ್ಲಿದ್ದೆ. ಶನಿವಾರ ಊರಿಗೆ ಬಂದಾಗ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ಅವಳ ಮನೆ ಜಗಲಿಯ ಮೇಲೆ ಕೂತು ಹೇಳುತ್ತಿದ್ದೆ. ಅವಳು ಒಳಗೆ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿಸಿಕೊಳ್ಳುತ್ತಿದ್ದಳು. ಒಂದು ಲೋಟ ನೀರು ಸಹ ಕೊಡುತ್ತಿರಲಿಲ್ಲ. ಯುದ್ಧ ಮುಗಿದು, ಅವನ ಕಾಗದ ಬಂದು, ನಾನು ಅದನ್ನು ಎರಡು ಸಲ ಓದಿ ಹೇಳಿದ ಮೇಲೆ ತಟ್ಟೆಯಲ್ಲಿ ಮುದ್ದೆ ಇಟ್ಟು “ಉಣ್ಣು” ಅಂದಳು. ಅಷ್ಟೆ.

ನಡುವೆ ರಜೆಗೆ ಬಂದು ಮದುವೆಯಾದ. ಮೂರು ಹೆಣ್ಣುಮಕ್ಕಳಾದವು. ಎಂಬತ್ತೈದರ ಹೊತ್ತಿಗೆ ನಿವೃತ್ತನಾಗಿ ಊರಿಗೆ ಬಂದಾಗ ಎಡಗಾಲಿನ ಎರಡು ಬೆರಳು ಇರಲಿಲ್ಲ. ಗಡಿಯ ಮೇಲಿನ ಹಿಮದಲ್ಲಿ ಕೊಳೆತು, ಆಸ್ಪತ್ರೆಯಲ್ಲಿ ತೆಗೆದಿದ್ದರು. ಬಂದವನು ಒಂದು ವಾರ ಬರೀ ಮಲಗಿದ. ಊರಿನವರು ಯುದ್ಧದ ಕತೆ ಕೇಳಲು ಬಂದರೆ ಎದ್ದು ಕೂತು, “ಚಳಿ ಇತ್ತು ಕಣಣ್ಣ, ಬಾಳಾ ಚಳಿ” ಎಂದು ಮತ್ತೆ ಗೋಡೆಗೆ ಒರಗುತ್ತಿದ್ದ. ಬಂದವರಿಗೆ ನಿರಾಸೆಯಾಗುತ್ತಿತ್ತು.

ಅವನ ಹೆಂಡತಿಗೆ ದಮ್ಮಿನ ಕಾಯಿಲೆ. ಬೆಳಗಿನ ಹೊತ್ತು ಕೈ ಮೇಲೆತ್ತಿದರೂ ಉಸಿರು ಕಟ್ಟುತ್ತಿತ್ತು. ನಾನಾಗ ಶಿರಾದಲ್ಲಿ ಮೇಷ್ಟರು. ರಜೆಗೆಂದು ಊರಿಗೆ ಬಂದಿದ್ದ ಒಂದು ಬೆಳಿಗ್ಗೆ ನೋಡುತ್ತೇನೆ, ಜಗಲಿಯ ಮೇಲೆ ಮೂರು ಹುಡುಗಿಯರನ್ನು ಸಾಲಾಗಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದಾನೆ. ಬೈತಲೆ ಗೆರೆ ಎಳೆದಹಾಗೆ ನೇರ. ಟೇಪು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ದಾರಿಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು ನಕ್ಕ.

“ಅಯ್ಯೋ, ಬಂದೂಕ ಹಿಡ್ಯೋ ಕೈಯಾಗೆ ಬಾಚಣಿಗೆ ಹಿಡ್ಕಂಡವ್ನಲ್ಲಪ್ಪ!”

“ಊಂ ಕಣ್ ಮಾವ, ಇದೂ ಡ್ಯೂಟಿನೇ” ಎಂದ, ತಲೆಯೆತ್ತದೆ.

ಮಕ್ಕಳು ಸ್ಕೂಲಿಗೆ ಹೋದ ಮೇಲೆ ಬಾಚಣಿಗೆಯಲ್ಲಿದ್ದ ಕೂದಲು ಬಿಡಿಸುತ್ತಾ, ನಾನು ಕೇಳದಿದ್ದರೂ ಹೇಳಿದ. “ಅಲ್ಲಿ ಬೆಟ್ಟದ ಮ್ಯಾಲೆ ನಮ್ಮೋನೊಬ್ನಿಗೆ ಕೈಬೆರಳು ಮರಗಟ್ಟಿ ಹೋಗಿದ್ವು ಕಣ್ಲಾ. ಅವ್ನ ಕೋಟಿನ ಗುಂಡಿ ದಿನಾ ನಾನೇ ಹಾಕ್ತಿದ್ದೆ. ಬಾಳಾ ದಿನ ಹಾಕ್ದೆ. ಆಮ್ಯಾಕೆ ಅವ್ನು ಉಳೀನಿಲ್ಲ.” ಸೈನ್ಯದ ಬಗ್ಗೆ ಅವನು ನನಗೆ ಹೇಳಿದ್ದು ಇದೊಂದೇ.

ಮೂರು ವರ್ಷ ಹೀಗೇ ನಡೆಯಿತು. ಕುರಿ ಮೇಯಿಸಿದ, ಅಡುಗೆ ಮಾಡಿದ, ಹೆಂಡತಿಗೆ ಕಷಾಯ ಕಾಸಿದ. ಆಮೇಲೆ ಅವನಿಗೇ ಎದೆನೋವು ಬಂತು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ತೋರಿಸು ಎಂದು ಮಧುಗಿರಿಯ ಡಾಕ್ಟರು ಹೇಳಿದರಂತೆ. ಸೋಮವಾರ ಜೊತೆಗೆ ಬರುತ್ತೀಯಾ ಎಂದು ನನಗೊಂದು ಕಾರ್ಡು ಬರೆದ. ಪರೀಕ್ಷೆಯ ದಿನಗಳು. ಆ ವಾರ ನನಗೂ ಜ್ವರ ಬಂದು ಆಗಷ್ಟೇ ಬಿಟ್ಟಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. ಶಿರಾದಿಂದ ಊರಿಗೆ ಮೂರು ಬಸ್ಸು ಬದಲಾಯಿಸಬೇಕು. ಮುಂದಿನ ವಾರ ಹೋಗೋಣ ಎಂದು ಉತ್ತರ ಬರೆದೆ.

ಆ ಗುರುವಾರವೇ ಅವನು ಹೋಗಿಬಿಟ್ಟ. ಕುರಿಗಳನ್ನು ದೊಡ್ಡಿಗೆ ಕೂಡಿ ಬಂದು, ಕಾಲು ತೊಳೆದುಕೊಂಡು ಕೂತವನು ಏಳಲಿಲ್ಲ. ಸುದ್ದಿ ಮುಟ್ಟಿ ನಾನು ಬರುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅವನ ಹೆಂಡತಿ ಕಂಬಕ್ಕೆ ಒರಗಿ ಕೂತಿದ್ದಳು. ನನ್ನ ಕಾರ್ಡು ಬಂದಿತ್ತಾ ಎಂದು ಕೇಳಿದೆ. ಕೇಳಬಾರದಿತ್ತು.

“ಬಂದಿತ್ತು ಅಣ್ಣ. ಓದ್ಕಂಡು, ‘ಅವ್ನಿಗೂ ಸುಸ್ತಾಗಿರ್ತೈತೆ, ಬುಡು’ ಅಂದ್ರು.”

ನಾನು ಅಂಗಳದಲ್ಲೇ ಕೂತೆ. ಅಳು ಬರಲಿಲ್ಲ. ಮೈಯೆಲ್ಲ ನೋಯುತ್ತಿತ್ತು, ಅಲ್ಲೇ ಮಲಗಿಬಿಡಬೇಕು ಅನ್ನಿಸುತ್ತಿತ್ತು.

ಅದೇ ವರ್ಷ ನನಗೆ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಕಡೆಗೆ ವರ್ಗವಾಯಿತು. ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸುತ್ತಾ, ಬಿಸಿಲಲ್ಲಿ ನಡೆಯುತ್ತಾ ದಿನ ಕಳೆದವು. ಬೇಸಿಗೆ ರಜೆಯಲ್ಲಿ ಊರಿಗೆ ಬಂದಾಗ ಅವನ ಹೆಂಡತಿಯ ದಮ್ಮು ಜಾಸ್ತಿಯಾಗಿತ್ತು. ಅವಳು ಕೇಳದೆಯೇ ಮಾರನೆಯ ಬೆಳಿಗ್ಗೆ ಅವಳನ್ನು ತುಮಕೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು ಸಾಲು, ಔಷಧಿಗೆ ಇನ್ನೊಂದು. ಮಧ್ಯಾಹ್ನದ ತನಕ ನಿಂತೇ ಇದ್ದೆವು. ಗುಣವಾಗುವ ಕಾಯಿಲೆ ಅಲ್ಲ, ಹುಷಾರಾಗಿರಬೇಕು ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು.

ಬರುವಾಗ ಬಸ್ಸಿನಲ್ಲಿ ಅವಳು ಹಿಂದಿನ ಸೀಟಿನ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದಳು. ನನಗೂ ಯಾವಾಗ ಕಣ್ಣು ಮುಚ್ಚಿತೋ ತಿಳಿಯದು. ನಮ್ಮೂರಿಗೆ ತಿರುಗುವ ಗೇಟು ದಾಟಿ ಮುಂದಿನ ಸ್ಟಾಪಿನಲ್ಲಿ ಕಂಡಕ್ಟರು ಎಬ್ಬಿಸಿ ಇಳಿಸಿದ. ಹಿಂದಕ್ಕೆ ನಡೆದೆವು. ಹೊಂಗೆ ಮರ ಸಿಕ್ಕಿದಲ್ಲೆಲ್ಲ ಅವಳು ನಿಂತು ಉಸಿರು ಹಿಡಿಯುತ್ತಿದ್ದಳು, ನಾನೂ ನಿಲ್ಲುತ್ತಿದ್ದೆ.

“ಇನ್ನೆಷ್ಟು ದೂರ ಐತಣ್ಣ?” ಅಂದಳು ಒಂದು ಸಲ.

“ಬಂತು ಕಣಮ್ಮ” ಅಂದೆ. ಇನ್ನೂ ಅರ್ಧ ದಾರಿ ಉಳಿದಿತ್ತು.